ಫೈಲಿಗೆ ಕನ್ನಡದ ಹೆಸರಿಟ್ಟರೆ ತಪ್ಪೇನು?

“ಫೈಲ್ ಹೆಸರು ಇಂಗ್ಲಿಷ್‌ನಲ್ಲೇ ಇರಲಿ, ಕನ್ನಡದಲ್ಲಿಟ್ಟರೆ ತೊಂದರೆ.” ಕಂಪ್ಯೂಟರ್ ಕಲಿಯಲು ಹೋದ ನಮ್ಮ ಹಳ್ಳಿ ಮಕ್ಕಳಿಗೆ ಸಿಗುವ ಬುದ್ಧಿಮಾತು ಇದು. ತೊಂದರೆ ಇರುವುದು ನಿಜ. ಆದರೆ ಅದು ಕನ್ನಡದ ದೋಷವಲ್ಲ.

ಗಿಟ್ ಎಂಬ ಸಾಫ್ಟ್‌ವೇರ್ ನೋಡಿ. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ಬರೆದರು. ಒಂದು ಫೈಲನ್ನು ಯಾರು, ಯಾವಾಗ, ಹೇಗೆ ಬದಲಿಸಿದರು ಎಂದು ಇದು ಲೆಕ್ಕ ಇಡುತ್ತದೆ, ಬೇಕೆಂದಾಗ ಹಳೆಯ ಪ್ರತಿಯನ್ನು ವಾಪಸ್ ಕೊಡುತ್ತದೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಮೂಲ ಕೋಡ್ ಇರುವುದೂ ಗಿಟ್‌ನಲ್ಲೇ.

ಗಿಟ್‌ಗೆ ಫೈಲಿನ ಹೆಸರೆಂದರೆ ಸಂಖ್ಯೆಗಳ ಒಂದು ಸಾಲು. ಒಂದು ಸಂಖ್ಯೆ ಬದಲಾದರೂ ಅದು ಬೇರೆ ಫೈಲ್. ಲಿನಕ್ಸ್ ಕೂಡ ಸಾಮಾನ್ಯವಾಗಿ ಹಾಗೇ ನಡೆಯುತ್ತದೆ. ವಿಂಡೋಸ್, ಮ್ಯಾಕ್‌ಗಳ ರೀತಿ ಬೇರೆ. ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಲೆಕ್ಕ. ಜಗಳ ಶುರುವಾಗುವುದು ಇಲ್ಲೇ. ಗಿಟ್ ತನ್ನ ಸ್ವಂತ ಫೋಲ್ಡರ್ ಅನ್ನು ಹೊರಗಿನ ಫೈಲುಗಳು ಮುಟ್ಟದಂತೆ ಕಾಯುತ್ತದೆ. ಅದೇ ಹೆಸರಿನಲ್ಲಿ ಒಂದು ದೊಡ್ಡಕ್ಷರ ಸೇರಿಸಿದರೆ ವಿಂಡೋಸ್, ಮ್ಯಾಕ್‌ಗಳಲ್ಲಿ ಆ ಕಾವಲು ದಾಟಬಹುದು ಎಂಬುದು 2014ರ ಡಿಸೆಂಬರ್‌ನಲ್ಲಿ ಬಯಲಾಯಿತು. ತಕ್ಷಣ ಸರಿಪಡಿಸಿದರು. ಅಂದರೆ ಇಂಗ್ಲಿಷ್ ಹೆಸರಿಗೂ ಕಾಟ ತಪ್ಪಿದ್ದಲ್ಲ. ಕನ್ನಡದಲ್ಲಂತೂ ದೊಡ್ಡಕ್ಷರ, ಸಣ್ಣಕ್ಷರದ ಗೊಡವೆಯೇ ಇಲ್ಲ.

ನಮ್ಮ ತಾಪತ್ರಯ ಬೇರೆ. ‘ಕೋಲಾರ’ ಎಂದು ಹೆಸರಿಡಿ. ಅದರ ‘ೋ’ ಚಿಹ್ನೆಯನ್ನು ಕಂಪ್ಯೂಟರ್ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡು ಮಾಡಿಯೂ ಇಡಬಹುದು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ತುಂಡು ಮಾಡಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ ಕೋಲಾರವೇ, ಗಿಟ್‌ಗೆ ಮಾತ್ರ ಎರಡು ಬೇರೆ ಊರು! ಯುರೋಪಿನ ಚುಕ್ಕಿ, ಗೆರೆ ಹೊತ್ತ ಅಕ್ಷರಗಳಿಗೂ ಇದೇ ಗತಿಯಾಗಿತ್ತು. 2012ರಲ್ಲಿ, ಮ್ಯಾಕ್ ತುಂಡು ಮಾಡಿದ್ದನ್ನು ಮತ್ತೆ ಜೋಡಿಸುವ ವ್ಯವಸ್ಥೆ ಗಿಟ್‌ಗೆ ಬಂತು. ಅಕ್ಷರ ಬಿಡಿ ಎನ್ನಲಿಲ್ಲ, ಸಾಫ್ಟ್‌ವೇರನ್ನೇ ತಿದ್ದಿದರು.

ಇನ್ನೊಂದು ಕಿರಿಕಿರಿ ಉಳಿದಿದೆ. ಫೈಲುಗಳ ಸ್ಥಿತಿ ತೋರಿಸು ಎಂದರೆ ಗಿಟ್ ‘ಕ’ ಅಕ್ಷರದ ಜಾಗದಲ್ಲಿ 340, 262, 225 ಎಂಬ ಅಂಕಿಗಳನ್ನು ತೋರಿಸುತ್ತದೆ. ಹೆಸರು ಕೆಟ್ಟಿರುವುದಿಲ್ಲ, ತೋರಿಸುವ ಬಗೆ ಹಾಗಿದೆ ಅಷ್ಟೆ. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಮೊದಲಿನಿಂದಲೇ ಅದು ಆಫ್ ಇರಬೇಕು ಎಂಬುದು ನನ್ನ ವಾದ. ಇದನ್ನು ತಿಳಿಯದ ಹುಡುಗಿಯೊಬ್ಬಳು ಆ ಅಂಕಿಗಳನ್ನು ನೋಡಿದರೆ ‘ನನ್ನ ಭಾಷೆ ಇಲ್ಲಿ ನಡೆಯಲ್ಲ’ ಎಂದೇ ಅಂದುಕೊಳ್ಳುತ್ತಾಳೆ.

ಇದು ಬರೀ ಅಭಿಮಾನದ ಮಾತಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಳ್ಳಿಯೂ ಹಲ್ಲಿಯೂ ಒಂದೇ. ನಾಳೆ ಊರಿನ ಹಾಡು, ಶಾಲೆಯ ದಾಖಲೆ, ಸಂಘದ ಲೆಕ್ಕ ಎಲ್ಲವೂ ಫೈಲುಗಳಾಗುತ್ತವೆ. ಅವುಗಳ ಹೆಸರನ್ನೇ ನಮ್ಮ ಅಜ್ಜಿ ಓದಲಾಗದಿದ್ದರೆ ಅವು ಯಾರ ದಾಖಲೆ?

ಕಲಿಸುವ ಮೇಷ್ಟ್ರುಗಳೇ, ‘ಕನ್ನಡ ಬೇಡ’ ಎನ್ನುವ ಬದಲು ಆ ಒಂದು ಸೆಟ್ಟಿಂಗ್ ಹೇಳಿಕೊಡಿ. ಕೋಡಿಂಗ್ ಕಲಿತ ಗೆಳೆಯರೇ, ಗಿಟ್‌ನ ಕೋಡ್ ಎಲ್ಲರಿಗೂ ತೆರೆದಿದೆ. ತೊಡಕು ಕಂಡಲ್ಲಿ ಬರೆದು ತಿಳಿಸಿ, ಆದರೆ ತಿದ್ದಿ ಕಳಿಸಿ.