ಸಾಲ ತೀರಿಸಿದವಳ ಲೆಕ್ಕ ಬರೆದವರಾರು?

ಕಿರುಸಾಲ ನೀಡುವ ಕಂಪೆನಿಗಳು ದಶಕಗಳಿಂದ ಒಂದೇ ವಾಕ್ಯವನ್ನು ಹೇಳಿಕೊಂಡು ಬಂದಿವೆ. ಬಡ ಮಹಿಳೆಯರು ಪಡೆದ ಸಾಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿಸುತ್ತಾರೆ ಎಂಬುದೇ ಆ ವಾಕ್ಯ. ಅದನ್ನು ಕೇಳಿ ಮಂತ್ರಿಗಳು ತಲೆದೂಗಿದರು, ಬ್ಯಾಂಕುಗಳು ಕೋಟಿಗಟ್ಟಲೆ ಹಣ ಸುರಿದವು, ಪತ್ರಿಕೆಗಳು ಲೇಖನಗಳ ಮೇಲೆ ಲೇಖನ ಪ್ರಕಟಿಸಿದವು. ಸಾಲ ಮರಳಿದೆ ಎಂದರೆ ಅದರಿಂದ ಲಾಭವಾಗಿದೆ, ಲಾಭವಾಗಿದೆ ಎಂದರೆ ಬಡತನ ನೀಗಿದೆ ಎಂಬ ತರ್ಕ ಎಷ್ಟು ಸಲೀಸಾಗಿ ಒಪ್ಪಿತವಾಯಿತೆಂದರೆ, ಆ ಹಣ ಎಲ್ಲಿಂದ ಬಂತು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಕಿವಿಯೋಲೆ ಅಡವಿಟ್ಟು ಕಂತು ಕಟ್ಟಿದವಳೂ, ಎರಡನೆಯ ಕಂಪೆನಿಯಿಂದ ಪಡೆದು ಮೊದಲನೆಯದಕ್ಕೆ ಕಟ್ಟಿದವಳೂ, ಮಗಳ ಶಾಲಾ ಶುಲ್ಕವನ್ನು ಮುಂದೂಡಿ ಕಟ್ಟಿದವಳೂ ಆ ವರದಿಯಲ್ಲಿ ಒಂದೇ ಸಾಲಿನಲ್ಲಿದ್ದಾರೆ. ಎಲ್ಲರ ಹೆಸರಿನ ಮುಂದೆಯೂ 'ಪಾವತಿಯಾಗಿದೆ' ಎಂಬ ಮುದ್ರೆ ಬಿದ್ದಿದೆ.

ಅಷ್ಟಕ್ಕೂ ಈ ನಂಬಿಕೆ ಹುಟ್ಟಿದ್ದು ಸುಳ್ಳಿನಿಂದಲ್ಲ. ಬಾಂಗ್ಲಾದೇಶದ ಜೋಬ್ರಾ ಗ್ರಾಮದಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಆ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜಾಮೀನು ಕೊಡಲಾಗದ ಹೆಣ್ಣುಮಗಳನ್ನು ನಂಬಿ ಹಣ ಕೊಟ್ಟ ಧೈರ್ಯ ಸಾಮಾನ್ಯವಾದುದಲ್ಲ. 1998ರಲ್ಲಿ ಮಾರ್ಕ್ ಪಿಟ್ ಮತ್ತು ಶಾಹಿದುರ್ ಖಂಡ್ಕರ್ ಎಂಬ ಅರ್ಥಶಾಸ್ತ್ರಜ್ಞರು, ಮಹಿಳೆಯರಿಗೆ ನೀಡಿದ ಪ್ರತಿ 100 ಟಾಕಾ ಸಾಲದಿಂದ ಕುಟುಂಬದ ವಾರ್ಷಿಕ ಖರ್ಚು 18 ಟಾಕಾದಷ್ಟು ಏರುತ್ತದೆಂದು ಲೆಕ್ಕ ಹಾಕಿದರು. ಅದೇ ವರ್ಷ ಜೊನಾಥನ್ ಮೊರ್ಡಕ್ ಎಂಬವರು ಆ ಲೆಕ್ಕದ ಬುಡವನ್ನೇ ಪ್ರಶ್ನಿಸಿದರು. ಸಾಲ ಪಡೆಯಲು ಮುಂದೆ ಬರುವವಳು ಮೊದಲೇ ಚುರುಕಾದವಳು. ಅವಳ ಏಳಿಗೆಗೆ ಸಾಲ ಕಾರಣವೋ, ಅವಳ ಚುರುಕುತನ ಕಾರಣವೋ ಎಂದು ಬೇರ್ಪಡಿಸುವುದು ಹೇಗೆ? ಸಾಲದ ಉದ್ಯಮಕ್ಕೆ ಈ ಪ್ರಶ್ನೆ ಬೇಕಿರಲಿಲ್ಲ. ಅದು 18 ಟಾಕಾವನ್ನು ಹಿಡಿದುಕೊಂಡು ಮುನ್ನಡೆಯಿತು.

ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚಲ್ ಗ್ಲೆನರ್‌ಸ್ಟರ್ ಮತ್ತು ಸಿಂಥಿಯಾ ಕಿನ್ನನ್ ಆ ನಗರದ 104 ಬಡ ಬಸ್ತಿಗಳನ್ನು ಆಯ್ದುಕೊಂಡರು. ಚೀಟಿ ಎತ್ತಿದಂತೆ ಅವುಗಳಲ್ಲಿ ಅರ್ಧವನ್ನು ಆರಿಸಿ, ಅಲ್ಲಿ ಮಾತ್ರ ಸ್ಪಂದನ ಎಂಬ ಕಂಪೆನಿ ಮೊದಲು ಶಾಖೆ ತೆರೆಯುವಂತೆ ಏರ್ಪಾಡಾಯಿತು. ಬಸ್ತಿಗಳು ಒಂದೇ ಬಗೆಯವು, ಜನರೂ ಒಂದೇ ಬಗೆಯವರು, ವ್ಯತ್ಯಾಸ ಸಾಲದ್ದೊಂದೇ. ಒಂದೂವರೆ ವರ್ಷದೊಳಗೆ 6,800ಕ್ಕೂ ಹೆಚ್ಚು ಕುಟುಂಬಗಳ ಮನೆಬಾಗಿಲಿಗೆ ಹೋಗಿ ಲೆಕ್ಕ ಕೇಳಿದರು. ಅದಾದ ಎರಡು ವರ್ಷಕ್ಕೆ ಮತ್ತೊಮ್ಮೆ ಹೋದರು.

ಸಿಕ್ಕಿದ್ದೇನು? ಬಾಳಿಕೆ ಬರುವ ವಸ್ತುಗಳ ಖರೀದಿ ಕೊಂಚ ಏರಿತ್ತು. ಚಹಾ, ತಂಬಾಕು, ತಿಂಡಿಗಳ ಖರ್ಚು ಕೊಂಚ ಇಳಿದಿತ್ತು, ಅಂದರೆ ಹೆಂಗಸರು ಕಂತಿಗಾಗಿ ಕೈಬಿಗಿ ಹಿಡಿದಿದ್ದರು. ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಬೆರಳೆಣಿಕೆಯ ಅಂಗಡಿಗಳ ಲಾಭ ಹೆಚ್ಚಿತ್ತು, ಸಾಮಾನ್ಯ ಅಂಗಡಿಯದು ಇದ್ದಲ್ಲೇ ಇತ್ತು. ಕುಟುಂಬದ ಒಟ್ಟು ಖರ್ಚಿನಲ್ಲಿ, ಆರೋಗ್ಯದಲ್ಲಿ, ಮಕ್ಕಳ ಶಿಕ್ಷಣದಲ್ಲಿ, ಮನೆಯ ತೀರ್ಮಾನಗಳಲ್ಲಿ ಹೆಣ್ಣಿನ ಮಾತಿಗಿರುವ ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಸಾಲ ಮನೆಬಾಗಿಲಿಗೆ ಬಂದರೂ ಆ ಬಸ್ತಿಗಳಲ್ಲಿ ಕಿರುಸಾಲ ಪಡೆದ ಕುಟುಂಬಗಳು ಶೇ. 26.7 ಮಾತ್ರ, ಶಾಖೆ ತೆರೆಯದ ಬಸ್ತಿಗಳಲ್ಲಿ ಅದು ಶೇ. 18.3. ಬಡವರೆಲ್ಲ ಸಾಲಕ್ಕಾಗಿ ಹಾತೊರೆಯುತ್ತಿದ್ದಾರೆ ಎಂಬ ಮಾತೂ ಹಾಗಾದರೆ ಅರ್ಧಸತ್ಯವೇ.

ಇದು ಹೈದರಾಬಾದಿನ ಒಂಟಿ ಕತೆ ಎಂದು ತಳ್ಳಿಹಾಕುವಂತಿಲ್ಲ. 2015ರ ಜನವರಿಯಲ್ಲಿ ಈ ಅಧ್ಯಯನ ಅಮೆರಿಕದ ಅರ್ಥಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದಾಗ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ ಮತ್ತು ಮೊರೊಕ್ಕೊದಲ್ಲಿ ನಡೆದ ಐದು ಅಧ್ಯಯನಗಳು ಜೊತೆಗಿದ್ದವು. ಆರೂ ದೇಶಗಳ ಸಾರ ಹೆಚ್ಚುಕಡಿಮೆ ಒಂದೇ: ಸಾಲದಿಂದ ಕೆಲವರಿಗೆ ಕೊಂಚ ಅನುಕೂಲವಾಗಿದೆ, ಸಾಮಾನ್ಯವಾಗಿ ಬಾಳು ಬದಲಾಗಿಲ್ಲ. ಸಾಲದಿಂದ ಎಲ್ಲರೂ ನಾಶವಾದರು ಎಂದೂ ಆ ಅಧ್ಯಯನಗಳು ಹೇಳಲಿಲ್ಲ. ಅದನ್ನು ಮುಚ್ಚಿಟ್ಟು ವಾದಿಸುವುದು ಅಪ್ರಾಮಾಣಿಕತೆಯಾದೀತು. ಬ್ಯಾನರ್ಜಿ ಮತ್ತು ಡುಫ್ಲೋ ಅವರಿಗೆ 2019ರಲ್ಲಿ ಮೈಕಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ ನಮ್ಮಲ್ಲಿ ಅವರಿಗೆ ಅಭಿನಂದನೆಗಳ ಸುರಿಮಳೆಯಾಯಿತು. ಅವರು ಹೈದರಾಬಾದಿನಲ್ಲಿ ಕಂಡದ್ದೇನು ಎಂಬುದನ್ನು ಮಾತ್ರ ಸಾಲದ ಉದ್ಯಮ ಓದಲಿಲ್ಲ.

ಓದದಿರಲು ಕಾರಣವಿದೆ. ಆ ಸಾಲದ ಲೆಕ್ಕವನ್ನೇ ನೋಡಿ. ಮೊದಲ ಸಾಲ ರೂ. 10,000, ಅವಧಿ 50 ವಾರ, ಬಡ್ಡಿ 'ಕೇವಲ' ಶೇ. 12. ಅಂದರೆ 11,200 ರೂಪಾಯಿ, ವಾರಕ್ಕೆ 224. ಆದರೆ ವಾರ ವಾರವೂ ಅಸಲು ಕರಗುತ್ತದೆಯಲ್ಲ? ವರ್ಷದುದ್ದಕ್ಕೂ ಅವಳ ಕೈಯಲ್ಲಿ ಸರಾಸರಿ ಉಳಿಯುವುದು ಸುಮಾರು 5,000 ರೂಪಾಯಿ ಮಾತ್ರ. 5,000ಕ್ಕೆ 1,200 ಬಡ್ಡಿ ಎಂದರೆ ಶೇ. 24. ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ಬಿಡಿಸಬಹುದಾದ ಈ ಲೆಕ್ಕವನ್ನು ಬೀಡಿ ಕಟ್ಟುವ ಹೆಂಗಸಿಗೆ ಬಿಡಿಸಿ ಹೇಳಿದವರು ಎಷ್ಟು ಮಂದಿ? 2010ರ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಎಂಬ ಕಿರುಸಾಲ ಕಂಪೆನಿ ತನ್ನ ಶೇರನ್ನು ತಲಾ ರೂ. 985ಕ್ಕೆ ಮಾರುಕಟ್ಟೆಗೆ ಬಿಟ್ಟಾಗ ಹೂಡಿಕೆದಾರರು ಮುಗಿಬಿದ್ದರು. ಎರಡೇ ತಿಂಗಳಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರಪ್ರದೇಶ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ವಸೂಲಿಗೆ ಲಗಾಮು ಹಾಕಿತು. ಉದ್ಯಮ ಅಲ್ಲಿ ಕುಸಿದುಬಿತ್ತು.

ಅದಕ್ಕೂ ಮೊದಲು ಇಂಥದ್ದೊಂದು ಕುಸಿತ ನಮ್ಮದೇ ರಾಜ್ಯದಲ್ಲಿ, ನಮ್ಮದೇ ಸಮುದಾಯದ ಹೆಸರಿನಲ್ಲಿ ನಡೆದಿತ್ತು. ಅದನ್ನು ನಾವು ಬೇಗ ಮರೆತೆವು. 2009ರ ಆರಂಭದಲ್ಲಿ ಕೋಲಾರದ ಅಂಜುಮನ್, ಕಿರುಸಾಲದ ಕಂತನ್ನು ಮುಸ್ಲಿಮ್ ಮಹಿಳೆಯರು ಕಟ್ಟಬಾರದೆಂದು ಫರ್ಮಾನು ಹೊರಡಿಸಿತು. ರಾಮನಗರ, ಶಿಡ್ಲಘಟ್ಟ, ಮೈಸೂರುಗಳಲ್ಲೂ ಮರುಪಾವತಿ ನಿಂತಿತು. ರೇಷ್ಮೆ ಬಿಚ್ಚುವ, ಹುರಿ ಹೊಸೆಯುವ ಕುಟುಂಬಗಳು ಅವು. ಒಬ್ಬಳೇ ಮಹಿಳೆಗೆ ಹಲವು ಕಂಪೆನಿಗಳು ಸಾಲ ಕೊಟ್ಟಿದ್ದವು. ಗುಂಪಿನಲ್ಲಿ ಒಬ್ಬಳು ತಪ್ಪಿದರೆ ಉಳಿದವರು ಅವಳ ಹೊಸ್ತಿಲಲ್ಲಿ ಕೂರಬೇಕಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ರಾಮನಗರದ ಗಲ್ಲಿಗಳ ಬಗ್ಗೆ ಬರೆಯಿತು.

ಅಂಜುಮನ್‌ನ ಆಕ್ರೋಶ ಅರ್ಥವಾಗುವಂಥದ್ದೇ. ಆದರೆ ಒಂದು ಪ್ರಶ್ನೆ. ಆ ಮಹಿಳೆಯರು ಹಲವು ಕಡೆ ಸಾಲ ಮಾಡುತ್ತಿದ್ದ ವರ್ಷಗಳಲ್ಲಿ ಸಮುದಾಯದ ಹಿರಿಯರು ಎಲ್ಲಿದ್ದರು? ಬಡ್ಡಿ ನಿಷಿದ್ಧ ಎಂಬ ಉಪದೇಶ ಶುಕ್ರವಾರದ ಮಿಂಬರ್‌ನಿಂದ ಗಂಡಸರ ಕಿವಿಗೆ ಬಿದ್ದಿತು, ಸಾಲದ ಪುಸ್ತಕ ಮಾತ್ರ ಮಂಗಳವಾರದ ಸಭೆಯಲ್ಲಿ ಹೆಂಗಸಿನ ಕೈಯಲ್ಲಿತ್ತು. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಹ ಸಂಶೋಧಕರು ಭಾರತ, ಶ್ರೀಲಂಕಾ, ಘಾನಾಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ತೋರಿಸಿಕೊಟ್ಟಂತೆ, ಹೆಣ್ಣಿನ ಹೆಸರಿಗೆ ಬಂದ ಬಂಡವಾಳ ಬಹಳಷ್ಟು ಸಲ ಗಂಡನ ವ್ಯಾಪಾರಕ್ಕೆ ಸೇರುತ್ತದೆ. ಹಣ ಅವನ ಗಾಡಿಗೆ, ಅಂಗಡಿಗೆ. ಸಹಿ ಇವಳದು, ಕಂತು ತಪ್ಪಿದಾಗಿನ ಅವಮಾನವೂ ಇವಳದು. ಕಂತು ಕಟ್ಟಬೇಡಿ ಎಂದು ಒಂದು ದಿನ ಹೇಳಿ, ಮರುದಿನ ಅವಳಿಗೆ ಆಸ್ಪತ್ರೆಗೆ ಹಣ ಬೇಕಾದಾಗ ಬೀದಿಯ ಮೀಟರ್ ಬಡ್ಡಿಯವನ ಬಾಗಿಲಿಗೆ ಬಿಟ್ಟರೆ ಅದು ಯಾವ ಸುಧಾರಣೆ?

ಕಿರುಸಾಲವನ್ನು ಒಮ್ಮೆಲೇ ನಿಲ್ಲಿಸಿಬಿಡಿ ಎನ್ನುವವರು ಇನ್ನೊಂದು ಅಧ್ಯಯನವನ್ನೂ ಎದುರಿಸಬೇಕು. ಎಮಿಲಿ ಬ್ರೆಝಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ಪ್ರಕಟಿಸಿದ ಸಂಶೋಧನೆ, ಆಂಧ್ರದ ಬಿಕ್ಕಟ್ಟಿನ ಬಳಿಕ ದೇಶದ ಇತರ ಜಿಲ್ಲೆಗಳಲ್ಲಿ ಏನಾಯಿತೆಂದು ಪರಿಶೀಲಿಸಿತು. ಆಂಧ್ರದಲ್ಲಿ ಹಣ ಕಳಕೊಂಡ ಕಂಪೆನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತಗೊಳಿಸಿದವು. ಹಾಗೆ ಸಾಲ ಬತ್ತಿದ ಜಿಲ್ಲೆಗಳಲ್ಲಿ ಕೂಲಿಯೂ ಇಳಿಯಿತು, ಮನೆಖರ್ಚೂ ಇಳಿಯಿತು. ಸಾಲವನ್ನೇ ಪಡೆಯದ ಕೂಲಿಕಾರನಿಗೂ ಏಟು ಬಿತ್ತು. ಸಾಲ ಬಡತನದಿಂದ ಎತ್ತುವುದಿಲ್ಲ. ಹಾಗೆಂದು ಹಠಾತ್ತನೆ ಕಿತ್ತುಕೊಂಡರೆ ಇನ್ನಷ್ಟು ಬೀಳಿಸುತ್ತದೆ. ಈ ಎರಡೂ ಮಾತನ್ನು ಒಟ್ಟಿಗೆ ಹಿಡಿದುಕೊಳ್ಳುವ ತಾಳ್ಮೆ ನಮ್ಮ ಚರ್ಚೆಗಳಲ್ಲಿ ಕಾಣುವುದಿಲ್ಲ.

ಸರಕಾರಗಳಲ್ಲೂ ಕಾಣುವುದಿಲ್ಲ. ಮಾಳೇಗಾಂ ಸಮಿತಿಯ ವರದಿಯ ಬಳಿಕ 2011ರಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿಗೆ ಮಿತಿ ಹಾಕಿತು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ಕುಟುಂಬದ ಎಲ್ಲ ಕಂತುಗಳು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂಬ ನಿಯಮ ಬಂದಿತೇನೋ ನಿಜ. ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ಮನೆಯಲ್ಲಿ ಆರು ಸಾವಿರ ಕಂತಿಗೆ ಹೋಗಬಹುದು ಎಂಬುದನ್ನು ರಕ್ಷಣೆ ಎನ್ನಬೇಕೇ? 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಜಡಿದು ಊರು ಬಿಟ್ಟವು. ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳಕ್ಕೆ ಹತ್ತು ವರ್ಷಗಳವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ಸಾಲ ರದ್ದಾಗುವುದು ನೋಂದಣಿ, ಪರವಾನಗಿ ಇಲ್ಲದ ಲೇವಾದೇವಿದಾರರದ್ದು ಮಾತ್ರ. 2009ರಲ್ಲಿ ಅಂಜುಮನ್ ಮಾಡಿದಂತೆ 2025ರಲ್ಲಿ ಸರಕಾರವೂ ವಸೂಲಿಯವನ ಕೈ ಹಿಡಿಯಿತು. ಸಾಲ ಬೇಕಾದ ಕಾರಣವನ್ನು ಮುಟ್ಟಲಿಲ್ಲ.

ಹಾಗಾದರೆ ಬಡತನದಿಂದ ಎತ್ತುವುದು ಯಾವುದು? ಸಂಶೋಧನೆ ಇಲ್ಲಿ ಮೌನವಾಗಿಲ್ಲ. ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಜಿಲ್ಲೆ. ಅಲ್ಲಿ ಬಂಧನ್ ಎಂಬ ಸಂಸ್ಥೆ ಕಡುಬಡ ಮಹಿಳೆಯರಿಗೆ ಸಾಲ ಕೊಡಲಿಲ್ಲ, ಹಸು, ಆಡುಗಳನ್ನು ದಾನವಾಗಿ ಕೊಟ್ಟಿತು. ಹಸಿವಿಗೆ ಹಸುವನ್ನೇ ಮಾರಿಬಿಡದಂತೆ ಕೆಲವು ತಿಂಗಳು ಮನೆಖರ್ಚಿಗೂ ಕೊಟ್ಟಿತು. ಸುಮಾರು ಒಂದೂವರೆ ವರ್ಷ ಅದರ ಕಾರ್ಯಕರ್ತರು ವಾರ ವಾರವೂ ಮನೆಗೆ ಬಂದು ಕಲಿಸಿದರು. ಈ ಬಂಧನ್ ಸ್ವತಃ ಕಿರುಸಾಲದ ಸಂಸ್ಥೆ, 2015ರಲ್ಲಿ ಬ್ಯಾಂಕೇ ಆಯಿತು. ಕಟ್ಟಕಡೆಯ ಬಡವಳು ಸಾಲದ ಭಾರ ತಾಳಲಾರಳು ಎಂಬುದು ಸಾಲ ಕೊಡುವವರಿಗೇ ಗೊತ್ತಿತ್ತು ಎಂದಾಯಿತಲ್ಲ! ಬ್ಯಾನರ್ಜಿ, ಡುಫ್ಲೋ ಮತ್ತು ಗರಿಮಾ ಶರ್ಮಾ 2021ರಲ್ಲಿ ಪ್ರಕಟಿಸಿದಂತೆ, ಆ ಕುಟುಂಬಗಳ ಏಳಿಗೆ ಮೊದಲ ಏಳು ವರ್ಷ ಬೆಳೆಯುತ್ತಾ ಹೋಯಿತು, ಹತ್ತನೆಯ ವರ್ಷಕ್ಕೂ ಉಳಿದಿತ್ತು. ಇಥಿಯೋಪಿಯಾ, ಘಾನಾ, ಪಾಕಿಸ್ತಾನ, ಪೆರುಗಳಲ್ಲೂ ಇಂಥ ಯೋಜನೆ ಫಲ ಕೊಟ್ಟಿದೆ. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು, ಅಲ್ಲಿ ಫಲ ಸಿಗಲಿಲ್ಲ.

ಬಾಂಗ್ಲಾದೇಶದಲ್ಲಿ ಇಂಥದೇ ಯೋಜನೆಯನ್ನು ಹನ್ನೊಂದು ವರ್ಷ ಹಿಂಬಾಲಿಸಿದ ಸಂಶೋಧಕರು 2022ರಲ್ಲಿ ಇನ್ನೂ ನಿಷ್ಠುರವಾದ ಸತ್ಯವೊಂದನ್ನು ಮುಂದಿಟ್ಟರು. ಆಸ್ತಿಗೆ ಒಂದು ಹೊಸ್ತಿಲಿದೆ. ಕೊಟ್ಟದ್ದು ಆ ಹೊಸ್ತಿಲನ್ನು ದಾಟಿಸಿದರೆ ಕುಟುಂಬ ತಾನಾಗಿ ಮೇಲೇರುತ್ತದೆ. ದಾಟಿಸದಿದ್ದರೆ ಕೊಟ್ಟದ್ದೂ ಕರಗಿ ಮತ್ತೆ ಹಳೆಯ ಬಡತನಕ್ಕೇ ಮರಳುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಊರುಗಳ ಝಕಾತ್. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಮನೆಮುಂದೆ ಸಾಲು ನಿಲ್ಲಿಸಿ ಇನ್ನೂರು, ಐನೂರು ರೂಪಾಯಿಗಳನ್ನು ಹಂಚುತ್ತೇವೆ. ಸೀರೆ, ಅಕ್ಕಿಯ ಕಿಟ್, ಒಂದು ಪೊಟ್ಟಣ ಖರ್ಜೂರ. ಯಾರ ಹೊಸ್ತಿಲೂ ದಾಟುವುದಿಲ್ಲ. ಮುಂದಿನ ವರ್ಷ ಅದೇ ಸಾಲು, ಅದೇ ಮುಖಗಳು. ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಗಾರಿಮೀನ್, ಅಂದರೆ ಸಾಲದಲ್ಲಿ ಸಿಲುಕಿದವರು, ಒಂದು ವರ್ಗ ಎಂದು ಮದ್ರಸದ ಫಿಕ್ಹ್ ತರಗತಿಯಲ್ಲಿ ಎಲ್ಲರೂ ಕಲಿತಿದ್ದೇವೆ. ಆದರೆ ನಾನು ನೋಡಿದ ಯಾವ ಮೊಹಲ್ಲಾದ ಝಕಾತ್ ಅರ್ಜಿಯಲ್ಲೂ 'ಎಷ್ಟು ಕಡೆ ಸಾಲವಿದೆ, ವಾರದ ಕಂತೆಷ್ಟು' ಎಂಬ ಅಂಕಣವಿಲ್ಲ. ವಿಧವೆಯೋ, ಬಾಡಿಗೆ ಮನೆಯೋ, ಮದುವೆಗೆ ಬಂದ ಮಗಳಿದ್ದಾಳೋ ಎಂದು ಕೇಳುತ್ತೇವೆ; ಅಷ್ಟೇ.

ಬಡ್ಡಿರಹಿತ ಎಂಬ ಫಲಕ ತೂಗುಹಾಕಿದರೆ ಸಾಕೆಂದು ನಂಬಿದವರಿಗೆ 2019ರ ಜೂನ್ ತಿಂಗಳು ನೆನಪಿರಬೇಕು. ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಪೊಲೀಸರ ಮುಂದೆ ದೂರು ಹಿಡಿದು ನಿಂತವು. ಹಲಾಲ್ ಹೂಡಿಕೆ ಎಂಬ ಮಾತಿಗೇ ಅವರು ಹಣ ಒಪ್ಪಿಸಿದ್ದರು, ಲೆಕ್ಕಪತ್ರ ಕೇಳಿರಲಿಲ್ಲ. ಇನ್ನೊಂದೆಡೆ ಲಾಹೋರಿನಲ್ಲಿ 2001ರಲ್ಲಿ ಅಮ್ಜದ್ ಸಾಕಿಬ್ ಆರಂಭಿಸಿದ ಅಖುವತ್ ಸಂಸ್ಥೆ ಮಸೀದಿಗಳಲ್ಲೇ ಕುಳಿತು ಬಡ್ಡಿಯಿಲ್ಲದ ಸಾಲ ಹಂಚಿ ಬೆಳೆಯಿತು. 2021ರಲ್ಲಿ ಸಾಕಿಬ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಬಡ್ಡಿ ಇಲ್ಲದ ಸಾಲವೂ ಸಾಲವೇ. ಹೈದರಾಬಾದಿನ ಅಧ್ಯಯನದ ಪ್ರಶ್ನೆ ಅದಕ್ಕೂ ಅನ್ವಯಿಸುತ್ತದೆ: ತೀರಿಸಿದ ಮೇಲೆ ಅವಳ ಬಾಳು ಎಲ್ಲಿದೆ?

ಹೀಗಿರುವಾಗ ಜಮಾಅತ್ ಸಮಿತಿಗಳ ಮುಂದೆ ಒಂದು ಕೆಲಸವಿದೆ, ಅದಕ್ಕೆ ಯಾವ ಸರಕಾರದ ಅನುಮತಿಯೂ ಬೇಡ. ಈ ವರ್ಷದ ಪಟ್ಟಿಯಲ್ಲಿ ಇನ್ನೂರು ಹೆಸರಿದ್ದರೆ ಅದರಲ್ಲಿ ಹತ್ತು ಕುಟುಂಬಗಳನ್ನು ಆರಿಸಿ. ಅವರ ಸಾಲವನ್ನು ಪೂರ್ತಿ ತೀರಿಸಿ, ಕೈಗೊಂದು ದುಡಿಮೆಯ ಸಾಧನ ಕೊಡಿ, ಒಂದೂವರೆ ವರ್ಷ ಹೋಗಿ ವಿಚಾರಿಸಿ. ಹೋಗುವವರು ಮಹಿಳೆಯರಾಗಿರಲಿ, ಏಕೆಂದರೆ ಸಾಲದ ಪುಸ್ತಕ ಇರುವುದು ಅವರ ಕೈಯಲ್ಲಿ. ಉಳಿದ ನೂರತೊಂಬತ್ತು ಮಂದಿ ಸಿಟ್ಟಾಗುತ್ತಾರೆ, ಅಧ್ಯಕ್ಷರು ಮುಂದಿನ ಚುನಾವಣೆಯಲ್ಲಿ ಸೋತರೂ ಸೋತಾರು. ಲೆಕ್ಕವನ್ನು ಮಸೀದಿಯ ಫಲಕದ ಮೇಲೆ ಹಚ್ಚಿ. ಹೆಸರು ಬೇಡ, ಮೊತ್ತ ಮತ್ತು ಫಲ ಸಾಕು. ವರ್ಷದ ಬಳಿಕ ಆ ಹತ್ತರಲ್ಲಿ ಎಷ್ಟು ಮಂದಿ ಮಂಗಳವಾರದ ಸಭೆಗೆ ಮತ್ತೆ ಹೋಗಲಿಲ್ಲ ಎಂಬುದನ್ನು ಕೆಳಗಡೆ ಬರೆಯಿರಿ.