ಅಡ್ಡಪರಿಣಾಮವಂತೆ! ಯಾರಿಗೆ ಅಡ್ಡ?



‘ಜೀವ ಉಳಿದಿದೆಯಲ್ಲಮ್ಮಾ, ಇನ್ನೇನು ಬೇಕು ನಿಂಗೆ?’

ಊದಿದ ಎಡಗೈಯನ್ನು ಬಲಗೈಲಿ ಹಿಡಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಯ ಸಾಲಿನಲ್ಲಿ ಬೆಳಗಿನಿಂದ ನಿಂತಿದ್ದ ನನ್ನ ಅವ್ವನಿಗೆ ಸಿಕ್ಕ ಉತ್ತರ ಇದು. ಆಸ್ಪತ್ರೆಯ ಹೆಸರು ಬೇಡ. ಇದು ಒಂದು ಆಸ್ಪತ್ರೆಯ ಮಾತಲ್ಲ, ಒಬ್ಬ ಡಾಕ್ಟರ ಮಾತೂ ಅಲ್ಲ. ಬಡವರು ಏನು ಕೇಳಿದರೂ ಈ ದೇಶ ಕೊಡುವ ಉತ್ತರವೇ ಇದು. ಉಳಿಸಿದ್ದೇವೆ, ಬಾಯಿ ಮುಚ್ಚಿಕೊಂಡು ಇರು!

ಬಾಯಿ ಮುಚ್ಚಿಕೊಂಡು ಇದ್ದುದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು? ಮೊಲೆಯಲ್ಲಿ ಗಂಟು ಕಂಡು ಒಂದು ವರ್ಷ ಅವ್ವ ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ. ನೋವಿಲ್ಲದ ಗಂಟಿಗೆ ಕೂಲಿ ಬಿಟ್ಟು ಯಾರು ಆಸ್ಪತ್ರೆಗೆ ಹೋಗ್ತಾರೆ? ಮೇಲಾಗಿ ಬೆಳೆದ ಮಗನ ಮುಂದೆ ಆ ಮಾತು ಆಡೋದು ಹೇಗೆ? ನಾನೋ, ಹಾಸ್ಟೆಲಿನಲ್ಲಿ ಕೂತು ಕ್ರಾಂತಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ರಜೆಗೆ ಪಂಚನಹಳ್ಳಿಗೆ ಹೋದಾಗ ಅವ್ವ ಸೆರಗನ್ನು ಬಿಗಿಯಾಗಿ ಹೊದ್ದು ಓಡಾಡುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕವಿಗಳು ಮೊಲೆಯನ್ನು ಬೇಕಾದಷ್ಟು ವರ್ಣಿಸಿದ್ದಾರೆ. ರೋಗ ಬಂದರೆ ಮಾತ್ರ ಅದರ ಹೆಸರು ಹೇಳಬಾರದು! ಅದಕ್ಕೇ ನಾನಿಲ್ಲಿ ಎದೆ, ವಕ್ಷ ಅಂತ ಮಡಿ ಮಾಡುವುದಿಲ್ಲ. ಮೊಲೆ ಎಂದೇ ಬರೆಯುತ್ತೇನೆ. 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಮೊಲೆಯ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಔಷಧಿ ಬೇಡ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ನು, ಕೀಮೋ, ಕರೆಂಟು ಇವುಗಳಿಂದಲೇ ಅವ್ವ ಬದುಕಿದ್ದಾಳೆ. ಬೇರು ಅರೆದು ಕೊಡುವವನ, ತಾಯತ ಕಟ್ಟುವವನ ಬಾಗಿಲಲ್ಲಿ ಹೊತ್ತು ಕಳೆದರೆ ಗಂಟು ಕಾಯುತ್ತಾ ಕೂರುವುದಿಲ್ಲ. ನನ್ನ ತಕರಾರು ಒಂದು ಮಾತಿನ ಮೇಲೆ. ಚಿಕಿತ್ಸೆ ಮೈಗೆ ಮಾಡಿದ್ದನ್ನೆಲ್ಲ ‘ಅಡ್ಡಪರಿಣಾಮ’ ಅಂತಾರಲ್ಲ, ಯಾರಿಗೆ ಸ್ವಾಮಿ ಅಡ್ಡ?

ಲೆಕ್ಕ ಹಾಕೋಣ. 21 ದಿನಕ್ಕೊಂದು ಸಲ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ. ಮನೆಗೆ ಬಂದು ಮೂರು ದಿನ ವಾಂತಿ. ಮೂರನೇ ವಾರಕ್ಕೆ ತಲೆಗೂದಲು ಬಾಚಣಿಗೆಗೆ ಬಂತು. ಆಮೇಲೆ ಪ್ಯಾಕ್ಲಿಟಾಕ್ಸೆಲ್. ಬೆರಳ ತುದಿ, ಅಂಗಾಲು ಜೋಮು ಹಿಡಿದವು. ಬರಿಗಾಲಲ್ಲಿ ಹೊಲಕ್ಕಿಳಿದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗೋದಿಲ್ಲ, ರಕ್ತ ಕಂಡಾಗಲೇ ಗೊತ್ತು. ಕರೆಂಟು ವಾರಕ್ಕೆ ಐದು ದಿನ, ಐದು ವಾರ. ದಿನಾ ಕಡೂರಿಂದ ರೈಲು ಹತ್ತೋಕಾಗುತ್ತಾ? ಬೆಂಗಳೂರಲ್ಲೇ ಮಲಗಬೇಕು. ಎಲ್ಲಿ? ಕೇಳಬೇಡಿ.

ಕಂಕುಳ ಗಂಟುಗಳನ್ನು ತೆಗೆದರೆ ಕೈಯ ನೀರು ಮೇಲಕ್ಕೆ ಹರಿಯಲು ದಾರಿ ತಪ್ಪುತ್ತೆ, ಕೈ ಊದಿಕೊಳ್ಳುತ್ತೆ. ಆ ಕೈಗೆ ಕೊಟ್ಟ ಉಪದೇಶ ಕೇಳಿ. ಭಾರ ಎತ್ತಬೇಡ. ಮುಳ್ಳು ಚುಚ್ಚಿಸಿಕೊಳ್ಳಬೇಡ. ಬಿಸಿ ತಾಗಿಸಬೇಡ. ಮೊಟ್ಟೆ, ಹಣ್ಣು ತಿನ್ನು. ಬಿಗಿತೋಳು ಹೊರಗಡೆ ಕೊಂಡು ಹಾಕ್ಕೋ. ಯಾರಿಗೆ ಹೇಳುತ್ತಿದ್ದೀರಿ ಇದನ್ನು? ರಾಗಿ ಹೊಲದ ಕಳೆ ಕಿತ್ತು, ಬೇರೆಯವರ ತೆಂಗಿನ ತೋಟದಲ್ಲಿ ಕಾಯಿ ಹೊತ್ತು, ಸೌದೆ ಒಲೆಯ ಮುಂದೆ ಮುದ್ದೆ ತೊಳಸುವವಳಿಗೆ! ಗಂಟನ್ನು ಮಾತ್ರ ನೋಡುವವರಿಗೆ ಕೈ ಅಡ್ಡ. ಕೂಲಿಯವಳಿಗೆ ಕೈಯೇ ನೇರ. ನಮಗೆ ಜಮೀನಿಲ್ಲ. ಆ ಎರಡು ಕೈಯೇ ನಮ್ಮ ಎರಡೆಕರೆ. ಅದರಲ್ಲಿ ಒಂದೆಕರೆ ಹೋಯಿತು.

ಕೀಮೋ ಆದ ಹತ್ತನೇ ದಿನ ರಾತ್ರಿ ಜ್ವರ ಬಂತು. ಬಿಳಿರಕ್ತಕಣ ಇಳಿದಿರುವಾಗ ಬರುವ ಜ್ವರ ಗಂಟೆಗಳಲ್ಲಿ ಕೊಲ್ಲಬಹುದು. ಹತ್ತಿರದ ಒಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ‘ಕ್ಯಾನ್ಸರ್ ಕೇಸಾ? ನಾವು ಮುಟ್ಟಲ್ಲ, ಬೆಂಗಳೂರಿಗೇ ಹೋಗಿ’ ಅಂದರು. ಮುಟ್ಟಲ್ಲ! ಈ ಮಾತು ನಮಗೆ ಹೊಸದೇ ಗೆಳೆಯರೇ?

ಊರಲ್ಲಿ ಏನಂದರು? ಹೋದ ಜನ್ಮದ ಪಾಪ. ನಮ್ಮನ್ನು ಊರ ಹೊರಗಿಟ್ಟವರು ಕೊಟ್ಟ ಕಾರಣವೂ ಅದೇ ಅಲ್ಲವೇ? ಆದರೆ ಒಂದು ಮದುವೆ ಮನೆಯಲ್ಲಿ ಬೋಳುತಲೆಯ ಅವ್ವನನ್ನು ಮೂಲೆಗೆ ಕೂರಿಸಿದವರು ಮೇಲುಜಾತಿಯವರಲ್ಲ. ನಮ್ಮ ಕೇರಿಯವರೇ. ವಿಧವೆಯ ತಲೆ ಬೋಳಿಸಿ ಮೂಲೆಗೆ ತಳ್ಳಿದ್ದು ಬ್ರಾಹ್ಮಣರ ಮನೆಯ ಪದ್ಧತಿ. ಅದನ್ನು ನಾವು ಯಾವಾಗ ಕಲಿತೆವು?

‘ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತಾ?’ ಅಂತ ಕೇಳುವವರಿಗೆ ಒಂದು ಕತೆ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1880ರ ದಶಕದಲ್ಲಿ ಒಂದು ಆಪರೇಷನ್ ಶುರು ಮಾಡಿದ. ಮೊಲೆ, ಅದರ ಕೆಳಗಿನ ಸ್ನಾಯು, ಕಂಕುಳ ಗಂಟು ಎಲ್ಲ ಬಗೆದು ತೆಗೆಯೋದು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ದೊಡ್ಡ ಡಾಕ್ಟರುಗಳು ಅದನ್ನೇ ಮಾಡಿದರು. ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು, ಎಚ್ಚರವಾಗುವಷ್ಟರಲ್ಲಿ ಮೊಲೆಯನ್ನೇ ತೆಗೆದುಬಿಡುತ್ತಿದ್ದರು. 1970ರ ದಶಕದಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆ, ಸ್ವತಃ ರೋಗಿ, ಇದರ ವಿರುದ್ಧ ಡಾಕ್ಟರುಗಳ ಜೊತೆಯೇ ಜಗಳಕ್ಕೆ ಬಿದ್ದಳು. ಬರ್ನಾರ್ಡ್ ಫಿಷರ್ ಎಂಬ ಡಾಕ್ಟರು ವರ್ಷಗಟ್ಟಲೆ ಪರೀಕ್ಷಿಸಿ 1985ರಲ್ಲಿ ಲೆಕ್ಕ ಮುಂದಿಟ್ಟ. ಸಣ್ಣ ಗಂಟಾದರೆ ಗಂಟಷ್ಟೇ ತೆಗೆದು ಕರೆಂಟು ಕೊಟ್ಟರೂ ಅಷ್ಟೇ ಮಂದಿ ಬದುಕುತ್ತಾರೆ! ಬೇಗ ಬಂದವರಿಗೆ ಕಂಕುಳಿನ ಮೊದಲ ಒಂದೆರಡು ಗಂಟು ಮಾತ್ರ ಪರೀಕ್ಷಿಸಿ ಉಳಿದದ್ದನ್ನು ಉಳಿಸುವ ವಿಧಾನವೂ 1990ರ ದಶಕದಿಂದ ಇದೆ. ಕೇಳಿದ್ದರಿಂದಲೇ ಕತ್ತಿ ಸಣ್ಣದಾಯಿತು.

ಕಪ್ಪು ಜನರ ಕವಯಿತ್ರಿ ಆಡ್ರಿ ಲಾರ್ಡ್‌ಗೆ 1978ರಲ್ಲಿ ಮೊಲೆ ತೆಗೆದರು. ಹುಸಿಮೊಲೆ ಇಟ್ಟುಕೊಂಡು ಬಾ, ಇಲ್ಲದಿದ್ದರೆ ಇಲ್ಲಿನವರ ಮನಸ್ಸು ಕೆಡುತ್ತೆ ಎಂದು ನರ್ಸು ಹೇಳಿದಳು. ಲಾರ್ಡ್ ಒಪ್ಪಲಿಲ್ಲ. ನೋಡುವವರ ನೆಮ್ಮದಿಗೆ ನಾನೇಕೆ ಬಚ್ಚಿಟ್ಟುಕೊಳ್ಳಲಿ ಎಂದು 1980ರಲ್ಲಿ ಪುಸ್ತಕವನ್ನೇ ಬರೆದಳು.

ಇನ್ನು ದುಡ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹೆಂಗಸರಿಗೆ 2023ರಿಂದ ಸರ್ಕಾರಿ ಬಸ್ಸು ಪುಕ್ಕಟೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಪುಕ್ಕಟೆ, ಜೊತೆಯವರಿಗೆ ಮುಕ್ಕಾಲು ರಿಯಾಯಿತಿ. ಇವು ನಮ್ಮ ಹಕ್ಕು, ಬಿಡಬೇಡಿ. ಆದರೆ ಹೋದ ಕೂಲಿಯನ್ನು ಯಾರು ಕೊಡ್ತಾರೆ? ಇಎಸ್‌ಐನಲ್ಲಿ ಎರಡು ವರ್ಷ ಇದ್ದ ಕಾರ್ಖಾನೆ ಕೆಲಸಗಾರನಿಗೆ ಕ್ಯಾನ್ಸರ್ ಬಂದರೆ ಎರಡು ವರ್ಷದವರೆಗೆ ಕೂಲಿಯ 100ಕ್ಕೆ 80 ಭಾಗ ಸಿಗುತ್ತೆ. 1948ರ ಆ ಕಾನೂನಿಗೆ ತಳಪಾಯ ಬಿದ್ದದ್ದು ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ. ಹೊಲದ ಕೂಲಿಯವಳಿಗೆ? ಸೊನ್ನೆ. 2016ರ ಅಂಗವಿಕಲರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯದ ಪಟ್ಟಿ ಇದೆ. ಊದಿದ ಕೈಯ ಹೆಸರು ಅದರಲ್ಲಿಲ್ಲ.

ಈಗ ನಮ್ಮ ಕೆಲಸ. ಅವ್ವನ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು. ‘ಮಾಡಿಫೈಡ್ ರ್‍ಯಾಡಿಕಲ್ ಮ್ಯಾಸ್ಟೆಕ್ಟಮಿ’. ಡಿಕ್ಷನರಿ ಹಿಡಿದು ಓದಿದೆ. ರ್‍ಯಾಡಿಕಲ್ ಅನ್ನುವ ಮಾತನ್ನು ನಾವು ಭಾಷಣಕ್ಕೆ ಬಳಸ್ತಾ ಇದ್ದೆವು. ಅವ್ವನ ಮೈಮೇಲೆ ಅದರ ಅರ್ಥ ಬುಡಸಮೇತ ಅಂತ. ಕೇರಿಯಲ್ಲಿ ಅಕ್ಷರ ಕಲಿತವರು ನಾವು. ಆ ಚೀಟಿ ಓದುವುದು ನಮ್ಮ ಕೆಲಸ. ಸಾಲಿನಲ್ಲಿ ಜೊತೆಗೆ ನಿಂತು ‘ವಾಂತಿಗೆ ಇದಕ್ಕಿಂತ ಒಳ್ಳೆ ಮಾತ್ರೆ ಇದೆಯಾ? ಕೈ ವ್ಯಾಯಾಮ ಯಾರು ಹೇಳಿಕೊಡ್ತಾರೆ? ರಾತ್ರಿ ಜ್ವರ ಬಂದರೆ ಎಲ್ಲಿಗೆ ಹೋಗಬೇಕು?’ ಅಂತ ಕೇಳುವುದು ನಮ್ಮ ಕೆಲಸ.

ನಮ್ಮ ಒತ್ತಾಯಗಳು:

1. ಚಿಕಿತ್ಸೆಯಲ್ಲಿರುವ ಕೃಷಿ ಕೂಲಿಗಾರರಿಗೂ ಕಾರ್ಖಾನೆಯವರಂತೆ ಹೋದ ಕೂಲಿ ಸಿಗಬೇಕು.
2. ಬಿಗಿತೋಳು, ವ್ಯಾಯಾಮ, ವಾಂತಿ ನೋವಿನ ಮಾತ್ರೆ ಎಲ್ಲವೂ ಚಿಕಿತ್ಸೆಯೇ. ತಾಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕು.
3. ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಚೀಟಿ ಕನ್ನಡದಲ್ಲಿರಬೇಕು.
4. ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ್ದಾರೆ. ಘೋಷಣೆ ಬೇಡ, ಹಾಸಿಗೆ ತೋರಿಸಿ.

ಮುಂದಿನ ಸಲ ಊರಿಗೆ ಹೋದಾಗ ಅವ್ವನನ್ನೋ ಅಕ್ಕನನ್ನೋ ಚಿಕ್ಕಮ್ಮನನ್ನೋ ಕೇಳಿ. ‘ಮೊಲೆಯಲ್ಲಿ ಗಂಟೇನಾದರೂ ಇದೆಯೇನವ್ವಾ?’ ನಾಲಿಗೆ ತಡವರಿಸುತ್ತೆ. ತಡವರಿಸಲಿ, ಕೇಳಿ. ನಾನು ಕೇಳಲಿಲ್ಲ.

ಜೀವ ಉಳಿದಿದೆ, ಸರಿ. ಇನ್ನೇನು ಬೇಕು ಅಂತೀರಾ? ಬದುಕು ಬೇಕು.

– ಪಂಚನಹಳ್ಳಿಯ ಒಬ್ಬ ಹಾಸ್ಟೆಲ್ ವಿದ್ಯಾರ್ಥಿ