ಲಾಂಛನ ಬೇಕು, ಬರೆದವನು ಬೇಡ!

ನಮ್ಮ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಮೆಚ್ಚದವರಿಲ್ಲ. ಅದರ ಸೆರಗಿನ ಚಿತ್ರ ಮಗ್ಗಕ್ಕೇರುವ ಮುಂಚೆ ಯಾರೋ ಒಬ್ಬ ಚೌಕುಳಿ ಕಾಗದದ ಮೇಲೆ ಕಣ್ಣು ನೋಯಿಸಿಕೊಂಡು ಮನೆಮನೆಯಾಗಿ ಅದನ್ನು ತುಂಬಿರುತ್ತಾನೆಂಬುದು ಎಷ್ಟು ಜನಕ್ಕೆ ಗೊತ್ತು? ನೂರು ನೇಕಾರರನ್ನು ಕರೆದು, "ಎಲ್ಲರೂ ಒಂದೊಂದು ಸೀರೆ ನೇಯ್ದು ತನ್ನಿ, ಮೆಚ್ಚಿದ ಒಂದಕ್ಕೆ ಮಾತ್ರ ದುಡ್ಡು" ಎನ್ನುವ ಸಾಹುಕಾರನನ್ನು ನಾನಂತೂ ಕಂಡಿಲ್ಲ. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟದವರು ಇದನ್ನೇ ಮಾಡಿ ಉದಾರಿಗಳೆನಿಸಿಕೊಂಡರು.

2020ರ ಟೋಕಿಯೋ ಒಲಿಂಪಿಕ್ಸಿನ ಮಾತು. ಲಾಂಛನಕ್ಕಾಗಿ ಮೊದಲು ನಡೆದ ಸ್ಪರ್ಧೆಗೆ, ಇಂತಿಂಥ ಪ್ರಶಸ್ತಿ ಗೆದ್ದವರಿಗಷ್ಟೇ ಪ್ರವೇಶ. ಹೊಸಬ ಬಾಗಿಲಲ್ಲೇ ನಿಂತ. ಹಾಗೆ ಆಯ್ದ ಕೆಂಜಿರೊ ಸಾನೊ ಅವರ ಚಿತ್ರವು ಬೆಲ್ಜಿಯಮಿನ ಲಿಯೇಜ್ ನಗರದ ರಂಗಮಂದಿರವೊಂದರ ಗುರುತನ್ನು ಹೋಲುತ್ತದೆಂಬ ಆಕ್ಷೇಪ ಎದ್ದಿತು. ಸಾನೊ ಅಲ್ಲಗಳೆದರೂ 2015ರ ಸೆಪ್ಟೆಂಬರಿನಲ್ಲಿ ಅದನ್ನು ಹಿಂದಕ್ಕೆ ಪಡೆದರು. ಆಮೇಲೆ ಬಾಗಿಲನ್ನು ಹಾರುಹೊಡೆದರು. ಬಂದ ಚಿತ್ರಗಳು 14,599! ಗೆದ್ದವನಿಗೆ ಹತ್ತು ಲಕ್ಷ ಯೆನ್, ಜೊತೆಗೆ ಉದ್ಘಾಟನೆ ನೋಡಲು ಟಿಕೆಟು. ಉಳಿದ 14,598ಕ್ಕೆ ಶೂನ್ಯ. ಇದು ಬಿಟ್ಟಿ ದುಡಿಮೆಯೆಂದು ಅಮೆರಿಕದ ವಿನ್ಯಾಸಕಾರರ ಸಂಘ ಪ್ರತಿಭಟಿಸಿತು. ಗೆದ್ದ ಆಸಾವೊ ಟೊಕೊಲೊ ಅವರಾದರೂ ವಾಸ್ತುಶಿಲ್ಪ ಓದಿ ಕೈ ಪಳಗಿಸಿಕೊಂಡವರೇ. ಅವರ ನೀಲಿ ಚೌಕುಳಿಯ ಚಿತ್ರ ಚೆನ್ನಾಗಿಯೇ ಇದೆ. ನನ್ನ ಜಗಳ ಚಿತ್ರದೊಡನಲ್ಲ.

ನಾವೇನು ಕಡಿಮೆಯೆ? ಆಟೋಟದ ಮಾತಲ್ಲದಿದ್ದರೂ ಹೇಳಿಬಿಡುತ್ತೇನೆ: 2009ರಲ್ಲಿ ರೂಪಾಯಿಗೊಂದು ಚಿಹ್ನೆ ಬೇಕೆಂದು ಸರ್ಕಾರ ಕರೆ ಕೊಟ್ಟಾಗ, ಚಿತ್ರ ಬರೆದು ಕಳಿಸುವವನೇ ಐನೂರು ರೂಪಾಯಿ ಶುಲ್ಕವನ್ನೂ ತೆರಬೇಕಾಗಿತ್ತು.

"ಜನಸಾಮಾನ್ಯರಿಗೆ ಅವಕಾಶ ಬೇಡವೆ?" ಎಂದು ಕೇಳುವ ಮಹನೀಯರಿದ್ದಾರೆ. ಯಳಂದೂರಿನ ಬಳೆ ಮಂಟಪದಲ್ಲಿ ಕಲ್ಲಿನ ಸರಪಳಿ ಕಡೆಸಿದವರು, ಉಳಿ ಹಿಡಿದವರನ್ನೆಲ್ಲ ಬಿಟ್ಟಿ ಕರೆದು ಊರವರ ಮತ ಎಣಿಸಿರಲಾರರು. ಅವಕಾಶ ಬೇರೆ, ಕೂಲಿ ತಪ್ಪಿಸುವುದು ಬೇರೆ.

ನಾನು ಬೋರ್ಡು ಬರೆದು ಬದುಕುವವನು. ಹನೂರಿನ ಕಡೆಯ ಕಬಡ್ಡಿ ಪಂದ್ಯವೊಂದಕ್ಕೆ ಗುರುತು ಬೇಕೆಂದು ಹುಡುಗರು ಬಂದಿದ್ದರು. ಶಾಮಿಯಾನಕ್ಕೆ ಮುಂಗಡ ಕೊಟ್ಟಾಗಿತ್ತು. ಮೈಕಿಗೂ, ಕಪ್ಪಿಗೂ ಕೊಟ್ಟಾಗಿತ್ತು. ನನ್ನ ಸರದಿ ಬಂದಾಗ, "ನಿಮ್ ಹೆಸ್ರು ಬತ್ತದಲ್ಲಣ್ಣ!" ಎಂದರು. ಒಪ್ಪಲಿಲ್ಲ. ಎಲ್ಲಿಂದಲೋ ಇಳಿಸಿದ ಪರದೇಶದ ಹದ್ದೊಂದು ಅವರ ಬ್ಯಾನರಿನ ಮೇಲೆ ಕುಳಿತಿತು. ಹುಲಿಯೇರಿದ ಮಾದಪ್ಪನ ಸೀಮೆಯಲ್ಲಿ ಹದ್ದು!

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ. 1961ರಿಂದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇರುವ ಊರದು. ನಡೆಸುವವರಿಗೆ ನನ್ನ ಬೇಡಿಕೆ ಇಷ್ಟೆ: ಹೆಸರಾದವರೂ ಹೊಸಬರೂ ಸೇರಿ ಹತ್ತು ಮಂದಿಯನ್ನು ಆರಿಸಿ, ಸೋತವರಿಗೂ ಕೂಲಿ ಕೊಟ್ಟು ಬರೆಸಿ. ತೀರ್ಪು ಹೇಳುವ ಕುರ್ಚಿಗಳಲ್ಲಿ ಅರ್ಧಕ್ಕಾದರೂ ಕುಂಚ ಹಿಡಿದವರನ್ನು ಕೂರಿಸಿ. ಗೆದ್ದವರ ಹೆಸರನ್ನು ಲಾಂಛನದೊಡನೆ ಅಚ್ಚುಹಾಕಿಸಿ. ಇದಕ್ಕೆಲ್ಲ ತಗಲುವ ವೆಚ್ಚ, ಉದ್ಘಾಟನೆಯ ದಿನ ಸುಡುವ ಬಾಣಬಿರುಸಿನ ಲೆಕ್ಕದಲ್ಲಿ ಕಾಣಲಾರದು.